ಬಾಡಿಗೆ ಕೊಟ್ಟೆ, ಕತ್ತಲೆ ಸಿಗಲಿಲ್ಲ: ಮಿನೆಸೋಟದಲ್ಲಿ ಈಟಿ ಮೀನುಬೇಟೆ

ಅಮೆರಿಕದ ಮಿನೆಸೋಟ ರಾಜ್ಯದ ಹೆಪ್ಪುಗಟ್ಟಿದ ಕೆರೆಯ ಮೇಲೆ ಕೂತು ಈಟಿಯಲ್ಲಿ ಮೀನು ಹೊಡೆಯಬೇಕೆಂದು ಹೊರಟವರು ಟೆಂಟ್ ಬಾಡಿಗೆಗೆ ಕೊಡುವವನನ್ನು ಮೊದಲು ಕೇಳಬೇಕಾದದ್ದು ಇಷ್ಟೇ: ಒಳಗೆ ಕತ್ತಲಾಗುತ್ತದಾ? ನಾನು ಕೇಳಲಿಲ್ಲ. ಬೆಚ್ಚಗಿದೆಯಾ, ಹೀಟರ್ ಕೊಡ್ತೀರಾ, ಎಷ್ಟು ಜನ ಹಿಡಿಸ್ತಾರೆ ಅಂತೆಲ್ಲ ವಿಚಾರಿಸಿ, ದಿನಕ್ಕೆ 80 ಡಾಲರ್ ತೆತ್ತು, ಮಡಚುವ ಡೇರೆಯನ್ನು ಕಾರಿಗೆ ತುಂಬಿಕೊಂಡು ಬಂದೆ. ಅದು ಗಾಳ ಹಾಕುವವರ ಡೇರೆ. ಕೆಂಪು ಬಟ್ಟೆ, ನಾಲ್ಕು ಕಡೆ ಪ್ಲಾಸ್ಟಿಕ್ ಕಿಟಕಿ, ಹೊಲಿಗೆಗಳ ಸಂದಿಯಲ್ಲೆಲ್ಲ ಬೆಳಕು. ಎರಡು ತಾಸು ಗರಗಸ ಎಳೆದು ಮಂಜುಗಡ್ಡೆಯಲ್ಲಿ ಮಾಡಿದ ಕಿಂಡಿಯೊಳಗೆ ಬಗ್ಗಿ ನೋಡಿದರೆ ಕಂಡದ್ದು ನನ್ನದೇ ಮುಖ, ಮೇಲೊಂದು ಉಣ್ಣೆ ಟೋಪಿ.

ಈ ಬೇಟೆಗೆ ಅಲ್ಲಿಯವರು ಡಾರ್ಕ್‌ಹೌಸ್ ಎನ್ನುವುದು ಸುಮ್ಮನೆ ಅಲ್ಲ. ಹಗಲಲ್ಲಿ ಕತ್ತಲೆ ಕೋಣೆಯ ಕಿಟಕಿಯಿಂದ ಅಂಗಳ ನೋಡಿದರೆ ಅಡಿಕೆ ಹರವಿದ್ದು ಒಂದೊಂದಾಗಿ ಕಾಣುತ್ತದಲ್ಲ, ಹಾಗೆ. ಹಿಮ, ಮಂಜುಗಡ್ಡೆ ತೂರಿ ನೀರಿಗೆ ಇಳಿದ ಬೆಳಕು ಕೆರೆಯ ತಳವನ್ನು ಬೆಳಗುತ್ತದೆ. ನಾವು ಕತ್ತಲಲ್ಲಿದ್ದರೆ ಮಾತ್ರ ಅದು ನಮಗೆ ಕಾಣುತ್ತದೆ. ಒಳಗೆ ಬೆಳಕು ನುಸುಳಿತೋ, ನೀರು ಕನ್ನಡಿ.

ಮಧ್ಯಾಹ್ನ ವಾಕರ್ ಊರಿಗೆ ವಾಪಸು ಹೋಗಿ ಎರಡು ಕಪ್ಪು ಕಂಬಳಿ, ಒಂದು ಸುರುಳಿ ಡಕ್ಟ್ ಟೇಪ್ ತಂದೆ. ಮೈನಸ್ 20 ಡಿಗ್ರಿಯಲ್ಲಿ ಟೇಪ್ ಅಂಟುವುದಿಲ್ಲ ಅನ್ನುವುದನ್ನು ಅಲ್ಲಿ ಕಲಿತೆ. ಕಂಬಳಿಯನ್ನು ಡೇರೆಯ ಮೇಲೆ ಹೊದಿಸಿ ಅಂಚಿಗೆಲ್ಲ ಹಿಮ ಪೇರಿಸಿದ ಮೇಲೆ ಕೆಲಸ ಆಯ್ತು. ನೀವು ಒಳಮೈ ಕಪ್ಪಾಗಿರುವ ಡೇರೆಯನ್ನೇ ಕೇಳಿ. ತಳದ ಹಾಸು ಇಲ್ಲದ್ದೇ ಬೇಕು. ಹಾಸು ಇರುವುದರಲ್ಲಿ ಗಾಳಕ್ಕೆಂದು ಗುಂಡನೆ ತೂತು ಮಾತ್ರ ಇರುತ್ತದೆ, ನಮಗೆ ಬೇಕಾದ್ದು ಎರಡಡಿ ಮೂರಡಿಯ ಕಿಂಡಿ. ಹಾಗೇ ಡೇರೆಯನ್ನು ಮಂಜಿಗೆ ಕಚ್ಚಿಸುವ ತಿರುಪು ಮೊಳೆಗಳನ್ನು ಎಣಿಸಿಕೊಳ್ಳಿ. ನನಗೆ ಆರು ಕೊಡಬೇಕಾದಲ್ಲಿ ಮೂರು ಕೊಟ್ಟಿದ್ದ, ಗಾಳಿ ಎದ್ದಾಗ ಇಡೀ ಡೇರೆಯನ್ನು ನಾನೇ ತಬ್ಬಿಕೊಂಡು ನಿಂತಿದ್ದೆ.

ಕಿಂಡಿಯದ್ದು ದೊಡ್ಡ ಕೆಲಸ. ನಾಲ್ಕು ಮೂಲೆಗೆ ಆಗರ್‌ನಿಂದ, ಅಂದರೆ ಮಂಜು ಕೊರೆಯುವ ದೊಡ್ಡ ಬೈರಿಗೆಯಿಂದ, ತೂತು ಕೊರೆದು ನಡುವೆ ಗರಗಸ ಎಳೆಯಬೇಕು. ಒಂದೂವರೆ ಅಡಿ ದಪ್ಪದ ಮಂಜಿನಲ್ಲಿ ಆ ತುಂಡು ಎರಡು ಕ್ವಿಂಟಾಲಿಗೂ ಹೆಚ್ಚು. ಅದನ್ನು ಎತ್ತಲು ಹೋಗಬೇಡಿ, ಸೊಂಟ ಹೋಗುತ್ತದೆ. ತಳದ ಕಡೆ ತುಸು ಅಗಲ ಬರುವಂತೆ ಕೊಯ್ದು, ಕಾಲಿನಲ್ಲಿ ಒತ್ತಿ ಮಂಜಿನ ಅಡಿಗೆ ದೂಡಿ. ತೇಲುವ ವಸ್ತು, ಇಪ್ಪತ್ತು ಕಿಲೋ ಒತ್ತಿದರೆ ಮುಳುಗುತ್ತದೆ. ನನಗಿದನ್ನು ಹೇಳಿದ್ದು ಪಕ್ಕದ ಡೇರೆಯ ಮುದುಕ, ನಾನು ಹಗ್ಗ ಕಟ್ಟಿ ಎಳೆದಾಡುವುದನ್ನು ಸಾಕಷ್ಟು ಹೊತ್ತು ನೋಡಿ ಆನಂದಿಸಿದ ಮೇಲೆ. ಹೊರಡುವಾಗ ಕಿಂಡಿಯ ಸುತ್ತ ಕೊಂಬೆ ನೆಟ್ಟು ಗುರುತು ಮಾಡಿ, ರಾತ್ರಿ ಯಾರಾದರೂ ಕಾಲಿಟ್ಟಾರು.

ತಳಕ್ಕೆ ಆಲೂಗಡ್ಡೆ ಹೋಳು ಎಸೆಯಬೇಕು. ಮೀನಿಗೆ ಊಟಕ್ಕಲ್ಲ, ಬಿಳಿ ಹೋಳುಗಳ ಮೇಲೆ ಹಾದುಹೋದರೆ ಕಪ್ಪು ಬೆನ್ನು ಕಾಣಲಿ ಅಂತ. ಕೈಯಲ್ಲಿ ದಾರ, ದಾರದ ತುದಿಯಲ್ಲಿ ಮರದ ಹುಸಿಮೀನು. ಹೊಟ್ಟೆಯಲ್ಲಿ ಸೀಸ, ತಗಡಿನ ರೆಕ್ಕೆ. ಜಗ್ಗಿದರೆ ಸುತ್ತು ಹಾಕಿ ಈಜುತ್ತದೆ. ನಮ್ಮ ತೀರ್ಥಹಳ್ಳಿ ಕಡೆ ಮೊದಲ ಮಳೆಗೆ ಹತ್ತುಮೀನು ಹೊಡೆಯುವಾಗ ಬ್ಯಾಟರಿ, ಕತ್ತಿ, ಕೂಗಾಟ, ಗದ್ದೆಯಲ್ಲಿ ಬಿದ್ದೆದ್ದು ಓಟ. ಇಲ್ಲಿ ಕೆಮ್ಮಿದರೂ ತಪ್ಪು. ಎರಡನೆಯ ದಿನ ಮೂರು ಗಂಟೆ ಹಾಗೇ ಕೂತಿದ್ದೆ. ಆಮೇಲೆ ಹುಸಿಮೀನಿನ ಪಕ್ಕ ಒಂದು ಪೈಕ್, ಈ ಬೇಟೆಯಲ್ಲಿ ಹೊಡೆಯುವ ಉದ್ದನೆ ಮೀನು, ನಿಂತಿತ್ತು, ಕಿವಿರಷ್ಟೇ ಅಲುಗುತ್ತಿತ್ತು. ಯಾವ ಕಡೆಯಿಂದ ಬಂತೋ ಗೊತ್ತಿಲ್ಲ.

ಈಟಿಯನ್ನು ಬೀಸಿ ಎಸೆಯಬಾರದು. ಏಳೆಂಟು ಹಲ್ಲಿನ ಭಾರದ ಈಟಿ, ಹಿಡಿಗೆ ಹಗ್ಗ ಇರುತ್ತದೆ. ಹಲ್ಲುಗಳನ್ನು ಸದ್ದಿಲ್ಲದೆ ನೀರಿಗಿಳಿಸಿ, ತಲೆಯ ಹಿಂದಕ್ಕೆ ಗುರಿಯಿಟ್ಟು ಕೆಳಗೆ ತಳ್ಳಿ ಬಿಡಬೇಕು. ನಾನು ಮೊದಲನೆಯದಕ್ಕೆ ಬೀಸಿದೆ. ಆಲೂಗಡ್ಡೆಗೆ ಬಿತ್ತು.

ಚುಚ್ಚಿದ ಮೀನನ್ನು ವಾಪಸು ಬಿಡಲಾಗುವುದಿಲ್ಲ, ಅದಕ್ಕೇ ಅಳತೆಯ ನಿಯಮ ಬಾಯಿಪಾಠ ಇರಲಿ. ಮಿನೆಸೋಟದ ಉತ್ತರ-ಮಧ್ಯ ವಲಯದಲ್ಲಿ ಒಬ್ಬರಿಗೆ ಹತ್ತು ಪೈಕ್, ಅದರಲ್ಲಿ 22 ಇಂಚು ದಾಟಿದವು ಎರಡೇ. ಆ ಎರಡರಲ್ಲೂ 22ರಿಂದ 26ರ ನಡುವಿನದು ಒಂದೇ. ನಿಮ್ಮ ಹುಸಿಮೀನಿನ ಉದ್ದ ಗೊತ್ತಿದ್ದರೆ ಪಕ್ಕಕ್ಕೆ ಬಂದದ್ದನ್ನು ಅಳೆಯುವುದು ಸುಲಭ. ಮಸ್ಕಿ ಮೀನನ್ನು ಹೊಡೆಯುವಂತೆಯೇ ಇಲ್ಲ: ಕಪ್ಪು ಮೈಮೇಲೆ ತಿಳಿ ಚುಕ್ಕೆ ಇದ್ದರೆ ಪೈಕ್, ತಿಳಿ ಮೈಮೇಲೆ ಕಪ್ಪು ಪಟ್ಟೆ ಇದ್ದರೆ ಮಸ್ಕಿ. ಅನುಮಾನ ಬಂದರೆ ಸುಮ್ಮನೆ ನೋಡುತ್ತಾ ಕೂರಿ. ಮೀನುಗಾರಿಕೆ ಪರವಾನಗಿಯ ಮೇಲೆ ಈಟಿಗೆ ಬೇರೆ ಪರವಾನಗಿ ಬೇಕು. ಋತು ಫೆಬ್ರವರಿಯ ಕೊನೆಯ ಭಾನುವಾರಕ್ಕೆ ಮುಗಿಯುತ್ತದೆ. ಕೆಲವು ಕೆರೆಗಳಲ್ಲಿ ಈಟಿ ನಿಷಿದ್ಧ, ಪಟ್ಟಿ ನೋಡಿಕೊಂಡು ಹೋಗಿ.

ಕೋಣೆಯ ಬಗ್ಗೆ ಹೇಳಲು ಮನಸ್ಸಿಲ್ಲ. 165 ಡಾಲರ್, ಬಿಸಿನೀರು ಬೆಳಗ್ಗೆ ಆರಕ್ಕೇ ಖಾಲಿ, ಗೋಡೆಯಾಚೆ ಸ್ನೋಮೊಬೈಲ್ ಗುಂಪಿನ ಕುಡಿತ ಎರಡು ಗಂಟೆವರೆಗೆ. ಅದರ ಬದಲು 371ನೇ ಹೆದ್ದಾರಿಯ ಪಕ್ಕ, ಪೆಟ್ರೋಲ್ ಬಂಕಿಗೆ ಅಂಟಿಕೊಂಡಿದ್ದ ನಾಲ್ಕೇ ಮೇಜಿನ ಹೋಟೆಲಿನ ಬಗ್ಗೆ ಹೇಳುತ್ತೇನೆ. ಅಲ್ಲಿ ಆರು ಡಾಲರಿಗೆ ವೈಲ್ಡ್ ರೈಸ್ ಸೂಪ್. ಹೆಸರಿಗೆ ಅಕ್ಕಿ, ನಿಜಕ್ಕೆ ಕೆರೆಯಲ್ಲಿ ಬೆಳೆಯುವ ಒಂದು ಹುಲ್ಲಿನ ಕಾಳು. ಅಲ್ಲಿಯ ಮೂಲನಿವಾಸಿ ಒಜಿಬ್ವೆ ಜನ ದೋಣಿಯಲ್ಲಿ ಕೂತು ಕೋಲಿನಿಂದ ಬಡಿದು ಉದುರಿಸುತ್ತಾರೆ. ಬೆಂದಾಗ ಕಾಳು ಸೀಳಿ ಒಳಗಿನ ಬಿಳಿ ಹೊರಬಂದಿರುತ್ತದೆ, ಹುರಿದ ಹೊಗೆಯ ಒಂದು ವಾಸನೆ, ಜೊತೆಗೆ ಕೋಳಿ, ಕೆನೆ. ನಮ್ಮ ಕುಚ್ಚಲಕ್ಕಿ ಗಂಜಿಗೆ ಹಾಲು ಬಿಟ್ಟ ಹಾಗೆ ಅನ್ನಿಸಿ ಎರಡನೆಯ ಬಟ್ಟಲು ಕೇಳಿದೆ. ಬಡಿಸುವ ಅಜ್ಜಿ ಅದಕ್ಕೆ ದುಡ್ಡು ತಗೊಳ್ಳಲಿಲ್ಲ, ಮೂಗು ಕೆಂಪಾಗಿದೆ ಅಂತ ಬ್ರೆಡ್ ಬೇರೆ ಇಟ್ಟಳು. ಮೂರು ದಿನವೂ ಅಲ್ಲೇ ಉಂಡೆ.

ಹೀಟರ್ ಹಚ್ಚಿದರೆ ಡೇರೆಯ ಗಾಳಿಕಿಂಡಿ ಮುಚ್ಚಬೇಡಿ. ಕತ್ತಲೆ ಮಾಡುವ ಹಟದಲ್ಲಿ ನಾನು ಅದನ್ನೂ ಕಂಬಳಿಯಿಂದ ಮುಚ್ಚಿ, ತಲೆ ಸಿಡಿಯತೊಡಗಿದ ಮೇಲೆ ಎಚ್ಚೆತ್ತು ಹೊರಗೆ ಓಡಿದ್ದೆ. ಕಂಬಳಿಯನ್ನು ಗೂಡಿನ ಹಾಗೆ ಎತ್ತರಕ್ಕೆ ಕಟ್ಟಿದರೆ ಗಾಳಿ ಬರುತ್ತದೆ, ಬೆಳಕು ಬರುವುದಿಲ್ಲ.

ಕೊನೆಗೆ ಸಿಕ್ಕಿದ್ದು ಎರಡು ಪೈಕ್. ಇಂಗ್ಲಿಷಿನ ವೈ ಅಕ್ಷರದ ಆಕಾರದ ಮುಳ್ಳುಗಳು ಮೈತುಂಬ. ಪಕ್ಕದ ಡೇರೆಯ ಮುದುಕ ಐದು ತುಂಡಾಗಿ ಮುಳ್ಳು ಬಿಡಿಸುವುದನ್ನು ತೋರಿಸಿಕೊಟ್ಟ. ಮನೆಗೆ ತಂದು ಖಾರ ಅರೆದು ಹುರಿದೆವು, ಹೆಂಡತಿಗೂ ಹಿಡಿಸಿತು. ಡೇರೆಯವನು ಮಾತ್ರ ಕಂಬಳಿಯ ಎಳೆ ಅಂಟಿದೆ ಅಂತ ಠೇವಣಿಯಲ್ಲಿ 25 ಡಾಲರ್ ಹಿಡಿದುಕೊಂಡ.