ಹಾಗೇ ನಿಂತುಬಿಟ್ಟ 49.97

ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಬೇರೆ ಬ್ರ್ಯಾಂಚಿನವರಿಗೆ ನಾನು ವಿದ್ಯುತ್ ವಿಷಯ ಹೇಳಿಕೊಡುವ ಓಪನ್ ಎಲೆಕ್ಟಿವ್‌ನ ಮೊದಲ ಮಾಡ್ಯೂಲ್ ಶುರುವಾಗುವುದೇ ಪೈ ಚಾರ್ಟ್‌ನಿಂದ. ಕಲ್ಲಿದ್ದಲಿಗೆ ಇಷ್ಟು ಪಾಲು, ನೀರಿಗೆ ಇಷ್ಟು, ಸೋಲಾರ್‌ಗೆ ಇಷ್ಟು. ಹುಡುಗರು ಬರೆದುಕೊಳ್ಳುತ್ತಾರೆ, ಐಎ (ಆಂತರಿಕ ಪರೀಕ್ಷೆ) ಬ್ಲೂಬುಕ್‌ನಲ್ಲಿ ಅದನ್ನೇ ಇಳಿಸುತ್ತಾರೆ, ಕಲಿಕೆಯ ಗುರಿ ಎಷ್ಟು ಮುಟ್ಟಿತು ಅನ್ನುವ ಅಟೈನ್‌ಮೆಂಟ್ ಚೆನ್ನಾಗಿ ಬರುತ್ತದೆ, ಎಲ್ಲರಿಗೂ ಸಮಾಧಾನ. ಆಮೇಲೆ ಒಂದು ಪ್ರಶ್ನೆ ಕೇಳಿ ನೋಡಿ: ಪಾವಗಡದ ಸೋಲಾರ್ ಪಾರ್ಕ್ 2050 ಮೆಗಾವ್ಯಾಟ್, ಕೈಗಾ 880 ಮೆಗಾವ್ಯಾಟ್, ದಿನಕ್ಕೆ ಜಾಸ್ತಿ ಯೂನಿಟ್ ಕೊಡುವುದು ಯಾವುದು? ಸಿವಿಲ್, ಮೆಕ್ಯಾನಿಕಲ್, ಸಿಎಸ್, ಯಾವ ಬ್ರ್ಯಾಂಚಿನವರಾದರೂ ಪಾವಗಡ ಅಂತಲೇ ಕೂಗುತ್ತಾರೆ.

ಆಗ ಬೋರ್ಡಿಗೆ ಕರೆದು ಲೆಕ್ಕ ಹಾಕಿಸುತ್ತೇನೆ. ಸೋಲಾರ್‌ಗೆ ಸಿಯುಎಫ್, ಅಂದರೆ ಪೂರ್ತಿ ಸಾಮರ್ಥ್ಯದಲ್ಲಿ ನಿಜಕ್ಕೂ ಸಿಗುವ ಪಾಲು, 22 ಪರ್ಸೆಂಟ್ ಅಂತ ಇಟ್ಟುಕೊಂಡರೆ ದಿನಕ್ಕೆ ಸುಮಾರು 1.08 ಕೋಟಿ ಯೂನಿಟ್. ಕೈಗಾದ ನಾಲ್ಕೂ ರಿಯಾಕ್ಟರ್ ಓಡುತ್ತಿದ್ದು, ಅದೇ ಪಾಲನ್ನು (ಇಲ್ಲಿ ಅದರ ಹೆಸರು ಪಿಎಲ್‌ಎಫ್) 85 ಪರ್ಸೆಂಟ್ ಅಂತ ಹಿಡಿದರೆ ಸುಮಾರು 1.8 ಕೋಟಿ. ಕ್ಲಾಸು ಒಂದು ಕ್ಷಣ ನನ್ನನ್ನೇ ಅನುಮಾನದಿಂದ ನೋಡುತ್ತದೆ. ಮೆಗಾವ್ಯಾಟ್ ಅಂದರೆ ಎಷ್ಟು ಕೊಡಬಲ್ಲೆ ಅನ್ನುವ ಮಾತು. ಎಷ್ಟು ಕೊಟ್ಟೆ, ಯಾವ ಹೊತ್ತಿನಲ್ಲಿ ಕೊಟ್ಟೆ ಅನ್ನುವುದು ಬೇರೆಯೇ ಲೆಕ್ಕ. ಇದು ತಲೆಗೆ ಹೋಗದೆ ಮುಂದಿನ ನಾಲ್ಕು ಮಾಡ್ಯೂಲ್ ಓದಿಸುವುದು ದಂಡ.

ಮನೆಯ ಕರೆಂಟ್ ಬಿಲ್ ತನ್ನಿ ಅನ್ನುವುದು ನನ್ನ ಇನ್ನೊಂದು ಅಭ್ಯಾಸ. ಗೃಹಜ್ಯೋತಿ ಬಂದ ಮೇಲೆ ಅದಕ್ಕೂ ಸಬೂಬು ಸಿಕ್ಕಿದೆ: "ಮೇಡಂ, ನಮ್ಮನೇದು ಸೊನ್ನೆ ಬಿಲ್ಲು." ಸೊನ್ನೆ ಇರಲಿ ತನ್ನಿರೋ ಅನ್ನುತ್ತೇನೆ. ದುಡ್ಡಿನ ಜಾಗದಲ್ಲಿ ಸೊನ್ನೆ ಇದ್ದರೂ ಸ್ಯಾಂಕ್ಷನ್ಡ್ ಲೋಡ್ (ಒಂದೇ ಹೊತ್ತಿಗೆ ಎಷ್ಟು ಎಳೆಯಬಹುದು ಅನ್ನುವ ಮಿತಿ) ಕಿಲೋವ್ಯಾಟ್‌ನಲ್ಲಿ ಇರುತ್ತದೆ, ಬಳಸಿದ್ದು ಯೂನಿಟ್‌ನಲ್ಲಿ, ಅಂದರೆ ಕಿಲೋವ್ಯಾಟ್-ಅವರ್‌ನಲ್ಲಿ ಇರುತ್ತದೆ. ಎರಡೂ ಒಂದೇ ಚೀಟಿಯಲ್ಲಿ, ಬೇರೆ ಬೇರೆ ಸಾಲಿನಲ್ಲಿ. "ತಿಂಗಳಿಗೆ 200 ಕಿಲೋವ್ಯಾಟ್ ಫ್ರೀ" ಅನ್ನುವವನ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆ ಪಠ್ಯಪುಸ್ತಕ ನನಗೆ ಸಿಕ್ಕಿಲ್ಲ. ಹಾಸ್ಟೆಲ್ ಹುಡುಗರು ಮಾತ್ರ ತಪ್ಪಿಸಿಕೊಳ್ಳುತ್ತಾರೆ.

ಮೂರನೆಯ ಕ್ಲಾಸು ಫ್ರೀಕ್ವೆನ್ಸಿಯದು, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಆವರ್ತ ಮುಗಿಸುತ್ತದೆ ಅನ್ನುವುದರದು; ನಮ್ಮಲ್ಲಿ ಅದು 50 ಹರ್ಟ್ಜ್‌ನ ಆಸುಪಾಸು. ನನಗೆ ಇಷ್ಟವಾದದ್ದೂ ಇದೇ, ಮಾನ ಕಳೆದದ್ದೂ ಇದೇ.

ಆ ವಾರ ಎನ್‌ಬಿಎ (ಕೋರ್ಸುಗಳಿಗೆ ಮಾನ್ಯತೆ ಕೊಡುವ ಮಂಡಳಿ) ತಪಾಸಣೆಗೆ ತಾಲೀಮಿನ ಮಾಕ್ ವಿಸಿಟ್. ಹೊರಗಿನ ಎಕ್ಸ್‌ಪರ್ಟ್ ಒಬ್ಬರು ಕ್ಲಾಸಿಗೆ ಬಂದು ಕೂರುತ್ತಾರೆ, ಐಸಿಟಿ ಬಳಕೆ (ಕಂಪ್ಯೂಟರ್, ಪ್ರೊಜೆಕ್ಟರ್, ಇಂಟರ್ನೆಟ್) ಕಾಣಬೇಕು ಅಂತ ಸರ್ಕ್ಯುಲರ್ ಬಂದಿತ್ತು. ಎಚ್‌ಒಡಿ ಸರ್ ಹಿಂದಿನ ಸಂಜೆಯೇ ಬಂದು, "ಮೇಡಂ, ಚಾಕ್ ಮುಟ್ಟಬೇಡಿ" ಅಂತ ಹೇಳಿ ಹೋಗಿದ್ದರು. ಸರಿ ಅಂತ ವಿದ್ಯುತ್ತಿನ ಬೇಡಿಕೆ, ಪೂರೈಕೆ ಸರಿತೂಗಿಸುವ ರಾಜ್ಯದ ಲೋಡ್ ಡಿಸ್ಪ್ಯಾಚ್ ಸೆಂಟರಿನ ಲೈವ್ ಪುಟವನ್ನೇ ಪ್ರೊಜೆಕ್ಟರಿಗೆ ಹಾಕಿದೆ. ರಾಜ್ಯದ ಬೇಡಿಕೆ, ಶರಾವತಿ ಎಷ್ಟು, ರಾಯಚೂರು ಎಷ್ಟು, ಮೇಲೆ ದಪ್ಪಕ್ಷರದಲ್ಲಿ ಫ್ರೀಕ್ವೆನ್ಸಿ: 49.97. ಎಕ್ಸ್‌ಪರ್ಟ್ ಕೊನೆಯ ಬೆಂಚಿನಲ್ಲಿ ಕೂತರು. ಲೋಡ್ ಡಿಸ್ಪ್ಯಾಚ್‌ನಲ್ಲೇ ಶಿಫ್ಟ್ ಮಾಡಿ ನಿವೃತ್ತರಾದವರು ಅಂತ ನನಗೆ ಯಾರೂ ಹೇಳಿರಲಿಲ್ಲ.

ಪಾಠ ಚೆನ್ನಾಗಿಯೇ ಶುರುವಾಯಿತು. ತೇರಿನ ಹಗ್ಗಕ್ಕೆ ಕೈ ಹಚ್ಚಿದವರೆಲ್ಲ ಒಂದೇ ಹೆಜ್ಜೆಯಲ್ಲಿ ನಡೆಯಬೇಕಲ್ಲ, ಹಾಗೆ ಕೈಗಾದಿಂದ ಕಾಶ್ಮೀರದವರೆಗೆ ಸಿಂಕ್ ಆದ ಜನರೇಟರ್‌ಗಳೆಲ್ಲ ಒಂದೇ ಲಯದಲ್ಲಿ ಸುತ್ತುತ್ತವೆ ಅಂದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಲೈನ್ ಜೋಡಿಸಿದ ಮೇಲೆ ದಕ್ಷಿಣ ಗ್ರಿಡ್ಡೂ ಆ ಲಯಕ್ಕೆ ಸೇರಿತು. ಅದಕ್ಕೂ ಮುಂಚೆ ನಾವು ಬೇರೆಯೇ ಇದ್ದೆವು. 2012ರ ಜುಲೈ ಕೊನೆಯ ಎರಡು ದಿನ ಉತ್ತರದ ಕಡೆ ಗ್ರಿಡ್ ಕುಸಿದಾಗ ದಕ್ಷಿಣ ಉಳಿದುಕೊಂಡದ್ದು ಅದರಿಂದಲೇ. ಲೋಡ್ ಏರಿದರೆ ಆ ಕ್ಷಣಕ್ಕೆ ಬೇಕಾದ ಶಕ್ತಿಯನ್ನು ಸುತ್ತುವ ರೋಟರ್‌ಗಳೇ ಕೊಡಬೇಕು, ವೇಗ ಇಳಿಯುತ್ತದೆ, ಫ್ರೀಕ್ವೆನ್ಸಿ ಇಳಿಯುತ್ತದೆ. ಇಳಿದದ್ದನ್ನು ಟರ್ಬೈನಿನ ವೇಗ ಕಾಯುವ ಗವರ್ನರ್ ಕಂಡು ವಾಲ್ವ್ ತೆರೆಯುತ್ತದೆ. ಇಟ್ಟುಕೊಳ್ಳಬೇಕಾದ ಬ್ಯಾಂಡ್ 49.90ರಿಂದ 50.05.

"ಈಗ ಇಲ್ಲಿ ನೋಡಿ, 49.97. ನಮ್ಮ ಗ್ರಿಡ್ ಎಷ್ಟು ಶಿಸ್ತಾಗಿದೆ!" ಅಂದೆ. ಐದು ನಿಮಿಷ ಬಿಟ್ಟು ಮತ್ತೆ ತೋರಿಸಿದೆ. 49.97. "ಕದಲೋದೇ ಇಲ್ಲ ನೋಡಿ." ಹೆಮ್ಮೆ ನನ್ನದೇ ಎಂಬಂತೆ. ಎಕ್ಸ್‌ಪರ್ಟ್ ಪೆನ್ನು ಕೆಳಗಿಟ್ಟು ಮುಗುಳ್ನಕ್ಕರು. ಮೆಚ್ಚಿದರು ಅಂದುಕೊಂಡೆ.

ಮೂರನೇ ಬೆಂಚಿನಲ್ಲಿ ಸಿಎಸ್‌ನ ಒಬ್ಬ ಹುಡುಗ ಡೆಸ್ಕಿನ ಕೆಳಗೆ ಮೊಬೈಲ್ ಹಿಡಿದು ಕೂತಿದ್ದ. ಒಮ್ಮೆ ಕಣ್ಣಲ್ಲೇ ಗದರಿದೆ. ಇಟ್ಟ, ಮತ್ತೆ ತೆಗೆದ. ರೀಲ್ಸ್ ನೋಡುತ್ತಿದ್ದಾನೆ, ಅದೂ ಇವತ್ತು, ಇವರ ಮುಂದೆ ಅಂತ ಮೈಯೆಲ್ಲ ಉರಿಯಿತು. ಎಬ್ಬಿಸಿ ನಿಲ್ಲಿಸಿದೆ. "ಏನಪ್ಪಾ, ಗ್ರಿಡ್‌ಗಿಂತ ಮುಖ್ಯವಾದದ್ದು ಏನು ನಡೀತಿದೆ ಅಲ್ಲಿ? ಎಲ್ಲರಿಗೂ ಓದಿ ಹೇಳು."

ಅವನು ಓದಿ ಹೇಳಿದ. "50.03, ಮೇಡಂ."

ಕ್ಲಾಸಿನಲ್ಲಿ ಸದ್ದಿಲ್ಲ. "ಅದೇ ಪೇಜು ಮೇಡಂ, ನನ್ನ ಡೇಟಾದಲ್ಲಿ. ಸ್ಕ್ರೀನ್ ಮೇಲಿರೋದರ ಟೈಮ್ ನೋಡಿ, 9.12 ಇದೆ." ಗೋಡೆ ಗಡಿಯಾರದಲ್ಲಿ ಹತ್ತೂವರೆ. ಕಾಲೇಜಿನ ಪ್ರಾಕ್ಸಿ, ಅಂದರೆ ಎಲ್ಲರ ಇಂಟರ್ನೆಟ್ಟೂ ಹಾದುಬರುವ ಸರ್ವರ್, ಬೆಳಿಗ್ಗೆ ಯಾರೋ ತೆರೆದ ಪುಟವನ್ನೇ ಹಿಡಿದಿಟ್ಟುಕೊಂಡು ನನಗೆ ಬಡಿಸಿತ್ತು. ಎಫ್5 ಒತ್ತಿದೆ, 49.97. ಮತ್ತೆ ಒತ್ತಿದೆ, 49.97. ಹಿಂದಿನ ಬೆಂಚಿನಿಂದ ಯಾರೋ "ಎಷ್ಟು ಶಿಸ್ತು" ಅಂದರು. ಮುಂದಿನ ಸ್ಲೈಡಿಗೆ ಹೋಗೋಣ ಅಂತ ಕ್ಲಿಕರ್ ಒತ್ತಿದರೆ ಕ್ಲಿಕರ್ ಸೆಲ್ ಮುಗಿದಿತ್ತು. ಎಚ್‌ಒಡಿ ಸರ್ ಕಾರಿಡಾರಿನಲ್ಲಿ ಎರಡನೇ ಸಲ ಹಾದುಹೋದರು. ನಾನು ಸೀರೆ ಸೆರಗಿನಿಂದ ಬೆವರು ಒರೆಸಿಕೊಂಡೆ ಅಂತ ಆಮೇಲೆ ಹುಡುಗಿಯರು ಹೇಳಿದರು, ನನಗೆ ನೆನಪಿಲ್ಲ.

ಬೇರೇನೂ ತೋಚದೆ ಪ್ರೊಜೆಕ್ಟರ್ ಆರಿಸಿ ಚಾಕ್ ತೆಗೆದುಕೊಂಡೆ. ನೀನು ಓದುತ್ತಾ ಹೋಗು, ನಾನು ಬರೆಯುತ್ತೇನೆ ಅಂದೆ. ಪುಟ ಬದಲಾದಾಗಲೆಲ್ಲ ಅವನು ಓದಿದ: 50.03, 50.01, 50.02, 49.98, 49.96. ಒಬ್ಬಳು ಕೇಳಿದಳು, "ಇಳೀತಿದೆಯಲ್ಲ ಮೇಡಂ, ಈಗ ಯಾರು ಏನು ಆನ್ ಮಾಡಿದ್ರು?" ಯಾರೋ ಒಬ್ಬರಲ್ಲ, ದೇಶದ ತುಂಬ ಲಕ್ಷಾಂತರ ಸ್ವಿಚ್ಚು ಅಂದೆ. ಒಂದೇ ಸಲಕ್ಕೆ ಎಲ್ಲರೂ ಆಫ್ ಮಾಡಿದರೆ? ಅದನ್ನು ನೀವೇ ಮಾಡಿದ್ದೀರಲ್ಲ ಅಂದೆ: 2020ರ ಏಪ್ರಿಲ್ 5, ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ. ಆಗಿನ್ನೂ ಹೈಸ್ಕೂಲಲ್ಲಿದ್ದವರು, ಎಲ್ಲರಿಗೂ ದೀಪ ಹಚ್ಚಿದ ನೆನಪಿತ್ತು. ದೇಶದ ಲೋಡು ಸುಮಾರು 31 ಸಾವಿರ ಮೆಗಾವ್ಯಾಟ್ ಬಿತ್ತು, ಮೊದಲೇ ಹಾಕಿದ್ದ ಅಂದಾಜಿನ ಎರಡು ಪಟ್ಟಿಗೂ ಹೆಚ್ಚು. ಗ್ರಿಡ್ ಬೀಳಲಿಲ್ಲ, ಯಾಕೆಂದರೆ ಜಲವಿದ್ಯುತ್ ಘಟಕಗಳನ್ನು ಆ ಹೊತ್ತಿಗೆಂದೇ ಓಡಿಸುತ್ತಾ ಇಟ್ಟುಕೊಂಡು, ಲೋಡ್ ಬಿದ್ದಂತೆ ಇಳಿಸಿ, ದೀಪ ಮರಳಿದಂತೆ ಏರಿಸಿದರು. ಕಲ್ಲಿದ್ದಲು ಬಾಯ್ಲರ್‌ಗೆ ಆ ಚುರುಕು ಇಲ್ಲ. ಪಾವಗಡದಲ್ಲಿ ಸಂಜೆಯಾದರೆ ಯಾರು ಕೈಹಿಡಿಯುತ್ತಾರೆ ಅನ್ನುವ ಪ್ರಶ್ನೆ ತಾನಾಗಿಯೇ ಬಂತು. ಶರಾವತಿಯ 1035 ಮೆಗಾವ್ಯಾಟ್‌ನ ಬೆಲೆ ಯೂನಿಟ್ ಲೆಕ್ಕದಲ್ಲಿ ಮಾತ್ರ ಇಲ್ಲ ಅನ್ನುವುದನ್ನು ನಾನು ಹೇಳಬೇಕಾಗಲಿಲ್ಲ. ಬೆಲ್ ಆದಾಗ ಸ್ಲೈಡ್ ಒಂಬತ್ತು ಬಾಕಿ.

ಹೊರಗೆ ಬಂದ ಮೇಲೆ ಎಕ್ಸ್‌ಪರ್ಟ್ ಹೇಳಿದರು: "ಮೇಡಂ, ನನ್ನ ಸರ್ವಿಸ್‌ನಲ್ಲಿ ಕದಲದೆ ನಿಂತ ಫ್ರೀಕ್ವೆನ್ಸಿ ನೋಡಿದ್ದು ಮೀಟರ್ ಕೆಟ್ಟಾಗ ಮಾತ್ರ." ಮೊದಲೇ ಹೇಳಬಾರದಿತ್ತೇ ಅಂದರೆ, "ಯಾರು ಮೊದಲು ಹಿಡೀತಾರೆ ನೋಡೋಣ ಅಂತ ಕೂತೆ" ಅಂದರು. ದೊಡ್ಡವರು, ಏನೂ ಅನ್ನುವ ಹಾಗಿಲ್ಲ. ರಿಪೋರ್ಟ್‌ನಲ್ಲಿ ಮಾತ್ರ ಐಸಿಟಿ ಬಳಕೆ ಉತ್ತಮ ಅಂತ ಬರೆದಿದ್ದರು. ಎಚ್‌ಒಡಿ ಸರ್ ಆ ಸಾಲನ್ನು ಎಲ್ಲರ ಕೋರ್ಸ್ ಫೈಲಿಗೂ ಅಂಟಿಸಿದರು.

ಪ್ರಾಕ್ಸಿ ಬಗ್ಗೆ ಸಿಸ್ಟಮ್ ಅಡ್ಮಿನ್‌ಗೆ ಹೇಳಿದೆ. ಫಾರ್ಮ್ ತುಂಬಿ ಪ್ರಿನ್ಸಿಪಾಲ್ ಸಹಿ ಹಾಕಿಸಿ ಕೊಡಿ ಅಂದರು. ಕೊಟ್ಟಿದ್ದೇನೆ, ಅದು ಎಲ್ಲಿದೆಯೋ. ಈಗ ಫ್ರೀಕ್ವೆನ್ಸಿ ಕ್ಲಾಸಿಗೆ ಒಂದು ಬೆಂಚಿಗೆ ಒಂದು ಮೊಬೈಲ್ ತೆಗೆಯಲು ಬಿಡುತ್ತೇನೆ, ಮೊದಲು ಸಮಯ ಓದಬೇಕು, ಆಮೇಲೆ ಅಂಕಿ. ಪೈ ಚಾರ್ಟ್ ಸಿಲಬಸ್‌ನಲ್ಲಿದೆ, ತೆಗೆಯುವಂತಿಲ್ಲ, ಕೊನೆಗೆ ತಳ್ಳಿದ್ದೇನೆ.

ಎರಡನೇ ಐಎನಲ್ಲಿ ಹೊಸ ಪ್ರಶ್ನೆ ಇಟ್ಟೆ: ಎರಡು ಮೀಟರುಗಳ ಹತ್ತು ಹತ್ತು ರೀಡಿಂಗ್ ಕೊಟ್ಟಿದೆ, ಒಂದು ಮೀಟರ್ ಕೆಟ್ಟಿದೆ, ಯಾವುದು, ಯಾಕೆ? ಇದು ಯಾವ ಸಿಒಗೆ (ಕೋರ್ಸಿನ ಕಲಿಕಾ ಗುರಿಗೆ) ಮ್ಯಾಪ್ ಆಗುತ್ತೆ ಅಂತ ಎಚ್‌ಒಡಿ ಸರ್ ಕೇಳಿದರು. ಸಿಒ2, ಎಲ್4 (ವಿಶ್ಲೇಷಣೆಯ ಮಟ್ಟ) ಅಂತ ಬರೆದುಕೊಟ್ಟೆ, ಒಪ್ಪಿದರು. ಮುಕ್ಕಾಲು ಕ್ಲಾಸು ಸರಿಯಾಗಿ ಬರೆದಿದೆ. ಆ ಸಿಎಸ್ ಹುಡುಗನೂ ಸರಿಯಾಗಿಯೇ ಬರೆದಿದ್ದಾನೆ, ಯೂನಿಟ್ ಮಾತ್ರ ಕಿಲೋವ್ಯಾಟ್ ಅಂತ ಹಾಕಿದ್ದಾನೆ. ಅರ್ಧ ಮಾರ್ಕು ಕಟ್ ಮಾಡಿದೆ.