ಆಮಂತ್ರಣ ಪತ್ರಿಕೆಯನ್ನು ಕೆಳಗಿನಿಂದ ಮೇಲಕ್ಕೆ ಓದುವ ಕೆಲಸ

ನನ್ನ ಉದ್ಯೋಗ ಸಾಂಸ್ಕೃತಿಕ ನೀತಿಯ ಸಂಶೋಧನೆ. ಸರ್ಕಾರ, ಅಕಾಡೆಮಿ, ಸಂಘ-ಸಂಸ್ಥೆಗಳು ಕಲೆಗೆ ಹಣ ಕೊಡುವಾಗ, ಪ್ರಶಸ್ತಿಗೆ ಹೆಸರು ಆರಿಸುವಾಗ, ಕಲಾವಿದರನ್ನು ಹೊರದೇಶಕ್ಕೆ ಕಳುಹಿಸುವಾಗ ಯಾವ ನಿಯಮ ನಡೆಯುತ್ತದೆ, ಅದರಿಂದ ಯಾರಿಗೆ ಬಾಗಿಲು ತೆರೆಯುತ್ತದೆ, ಯಾರು ಹೊರಗುಳಿಯುತ್ತಾರೆ ಎಂದು ನೋಡುವುದು. ಮುಂಬಯಿಯ ಒಂದು ಸಣ್ಣ ಸಂಶೋಧನಾ ತಂಡದಲ್ಲಿದ್ದೇನೆ. ನಗರದ ಕನ್ನಡ ಮತ್ತು ತುಳು ಸಂಘಗಳಲ್ಲಿ ಹೆಂಗಸರ ಪಾಲು ಎಷ್ಟು ಎಂಬ ಪ್ರಶ್ನೆ ನನ್ನ ಪಾಲಿಗೆ ಬಂದಿದೆ.

ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ ದಾಖಲೆ ಎಂದರೆ ಆಮಂತ್ರಣ ಪತ್ರಿಕೆ. ಹಳೆಯ ಕಾರ್ಯದರ್ಶಿಗಳ ಮನೆಯ ಕಪಾಟುಗಳಲ್ಲಿ ಅವು ಕಟ್ಟುಕಟ್ಟಾಗಿ ಸಿಗುತ್ತವೆ. ಒಂದನ್ನು ತೆರೆದು ನೋಡಿ. ಮೇಲೆ ಗಣಪತಿ, ಅದರ ಕೆಳಗೆ ಸಂಘದ ಲಾಂಛನ. ನಂತರ ದಪ್ಪ ಅಕ್ಷರದಲ್ಲಿ ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿ, ಗೌರವ ಅತಿಥಿಗಳು. ಅಲ್ಲಿರುವವರು ಹೋಟೆಲ್ ಉದ್ಯಮಿಗಳು, ವಕೀಲರು, ಬ್ಯಾಂಕಿನ ನಿವೃತ್ತ ಅಧಿಕಾರಿಗಳು. ಬಹುತೇಕ ಎಲ್ಲರೂ ಗಂಡಸರು. ಕೆಳಗಿಳಿದಂತೆ ಅಕ್ಷರ ಸಣ್ಣದಾಗುತ್ತದೆ: ಪ್ರಾರ್ಥನೆ, ಅತಿಥಿಗಳ ಪರಿಚಯ, ನಿರೂಪಣೆ, ವಂದನಾರ್ಪಣೆ, ಸಮೂಹ ನೃತ್ಯ, ಕಿರುನಾಟಕ. ಹೆಂಗಸರ ಹೆಸರುಗಳು ಅಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಇಡೀ ಪತ್ರಿಕೆಯಲ್ಲಿ ಹೆಸರುಗಳನ್ನಷ್ಟೇ ಎಣಿಸಿದರೆ ಹೆಣ್ಣು ಗಂಡು ಸರಿಸಮ, ಕೆಲವೊಮ್ಮೆ ಹೆಂಗಸರೇ ಒಂದು ಕೈ ಹೆಚ್ಚು. ಹೆಸರಿನ ಎದುರಿಗಿರುವ ಹೊಣೆಯನ್ನು ಎಣಿಸಿದರೆ ಬೇರೆಯದೇ ಚಿತ್ರ.

ಇದು ಒಂದು ಸಂಘದ ದೂರು ಅಲ್ಲ. ಸಂಘಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಮೈಸೂರು ಅಸೋಸಿಯೇಷನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದ ಊರು ಇದು. ಅನ್ನ ಹುಡುಕಿಕೊಂಡು ಬಂದವರು ದುಡಿದು ದಣಿದ ಮೇಲೂ ನಾಟಕ, ಯಕ್ಷಗಾನ, ಸಾಹಿತ್ಯ ಗೋಷ್ಠಿಗಳನ್ನು ಕೈಯಿಂದ ಹಣ ಹಾಕಿ ಉಳಿಸಿಕೊಂಡರು. ಇಷ್ಟೆಲ್ಲ ಕಟ್ಟಿದವರಲ್ಲಿ ಹೆಂಗಸರ ದುಡಿಮೆ ಎಲ್ಲಿ ಬರೆದಿಟ್ಟಿದೆ ಎಂದು ಕೇಳುವಂತೆ ಮಾಡಿದ್ದೂ ಈ ಗೌರವವೇ.

ಆಮಂತ್ರಣ ಪತ್ರಿಕೆಗೂ ಪ್ಯಾರಿಸ್ಸಿಗೂ ನಂಟಿದೆ. ಸಾಂಸ್ಕೃತಿಕ ಅಭಿವ್ಯಕ್ತಿಗಳ ವೈವಿಧ್ಯದ ರಕ್ಷಣೆಗಾಗಿ ವಿಶ್ವಸಂಸ್ಥೆಯ ಅಂಗವಾದ ಯುನೆಸ್ಕೊ 2005ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ 2006ರಲ್ಲಿ ಅದನ್ನು ಒಪ್ಪಿಕೊಂಡಿತು. 2007ರ ಮಾರ್ಚ್ 18ರಂದು ಅದು ಜಾರಿಗೆ ಬಂತು. ಸಂಸ್ಕೃತಿಯನ್ನು ಸೃಷ್ಟಿಸಲು, ಹಂಚಲು, ಸವಿಯಲು ಅವಕಾಶ ಕಲ್ಪಿಸುವಾಗ ಮಹಿಳೆಯರ ವಿಶೇಷ ಪರಿಸ್ಥಿತಿ ಮತ್ತು ಅಗತ್ಯಗಳಿಗೆ ತಕ್ಕ ಗಮನ ಕೊಡಬೇಕು ಎಂದು ಅದರ ಏಳನೆಯ ವಿಧಿ ಹೇಳುತ್ತದೆ. ಒಪ್ಪಿದ ದೇಶಗಳು ನಾಲ್ಕು ವರ್ಷಕ್ಕೊಮ್ಮೆ ವರದಿ ಕೊಡಬೇಕು. ಆ ವರದಿಗಳಿಗೆ ಬೇಕಾದ ಅಂಕಿ-ಅಂಶ ಕೊನೆಗೂ ಹುಟ್ಟುವುದು ಇಂಥ ಸಭಾಗೃಹಗಳಲ್ಲಿ, ಇಂಥ ಸಂಘಗಳ ಕಡತಗಳಲ್ಲಿ. "ಭಾಗವಹಿಸಿದ ಮಹಿಳೆಯರು ಇಷ್ಟು" ಎಂಬ ಒಂದೇ ಕಾಲಂ ಇದ್ದರೆ ಪ್ರಾರ್ಥನೆ ಹಾಡಿದವರೂ ಕಾರ್ಯಕ್ರಮಕ್ಕೆ ಹಣ ಮಂಜೂರು ಮಾಡಿದವರೂ ಒಂದೇ ಲೆಕ್ಕಕ್ಕೆ ಸೇರಿಹೋಗುತ್ತಾರೆ.

ದೊಡ್ಡ ವೇದಿಕೆಗಳ ಲೆಕ್ಕವೂ ಹೀಗೆಯೇ ಇದೆ. ಕನ್ನಡ ಸಾಹಿತ್ಯ ಸಮ್ಮೇಳನ 1915ರಲ್ಲಿ ಆರಂಭವಾಗಿ 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯದು ನಡೆಯಿತು. ಆ 87ರಲ್ಲಿ ಅಧ್ಯಕ್ಷ ಪೀಠದಲ್ಲಿ ಕುಳಿತ ಮಹಿಳೆಯರು ನಾಲ್ವರು: 1974ರಲ್ಲಿ ಜಯದೇವಿತಾಯಿ ಲಿಗಾಡೆ, 2000ದಲ್ಲಿ ಶಾಂತಾದೇವಿ ಮಾಳವಾಡ, 2003ರಲ್ಲಿ ಕಮಲಾ ಹಂಪನಾ, 2010ರಲ್ಲಿ ಗೀತಾ ನಾಗಭೂಷಣ. ಮೊದಲನೆಯವರಾದ ಜಯದೇವಿತಾಯಿ ಸೊಲ್ಲಾಪುರದವರು. ಕನ್ನಡ, ಮರಾಠಿ ಎರಡರಲ್ಲೂ ಬರೆದವರು. ಮಹಾರಾಷ್ಟ್ರದ ಕನ್ನಡಿಗರು ಇದನ್ನು ಇನ್ನಷ್ಟು ಹೆಮ್ಮೆಯಿಂದ ನೆನೆಯಬೇಕಿತ್ತು ಎಂದು ನನಗೆ ಅನಿಸುತ್ತದೆ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1955ರಿಂದ ಇದ್ದರೂ ಕನ್ನಡದ ಲೇಖಕಿಯೊಬ್ಬರಿಗೆ ಅದು ಸಿಕ್ಕಿದ್ದು 2004ರಲ್ಲಿ, ಗೀತಾ ನಾಗಭೂಷಣ ಅವರಿಗೆ. ಆಮೇಲೆ 2009ರಲ್ಲಿ ವೈದೇಹಿ, 2019ರಲ್ಲಿ ವಿಜಯಾ. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳೂ ಗಂಡಸರಿಗೆ ಸಂದವು. ಪ್ರಶಸ್ತಿ ಪಡೆದವರ ಯೋಗ್ಯತೆ ಅಳೆಯುವುದು ನನ್ನ ಕೆಲಸವಲ್ಲ. ಹೆಸರು ಸೂಚಿಸುವವರು ಯಾರು, ಅಂತಿಮ ಸುತ್ತಿನ ತೀರ್ಪುಗಾರರು ಯಾರು, ಅವರನ್ನು ನೇಮಿಸುವವರು ಯಾರು ಎಂದು ಕೇಳುವುದು ನನ್ನ ಕೆಲಸ.

ನಮ್ಮ ಸಂಘಗಳಲ್ಲಿ ಇದಕ್ಕೆ ಉತ್ತರ ಸಿಗುವ ಜಾಗ ವರ್ಳಿಯಲ್ಲಿದೆ. ಸಾರ್ವಜನಿಕ ನ್ಯಾಸವಾಗಿ (ಟ್ರಸ್ಟ್) ನೋಂದಾಯಿಸಿದ ಸಂಸ್ಥೆ ತನ್ನ ಆಡಳಿತ ಮಂಡಳಿ ಬದಲಾದಾಗಲೆಲ್ಲ ಅಲ್ಲಿರುವ ಧರ್ಮಾದಾಯ ಆಯುಕ್ತರ (ಚಾರಿಟಿ ಕಮಿಷನರ್) ಕಚೇರಿಗೆ ಬದಲಾವಣೆ ವರದಿ ಸಲ್ಲಿಸಬೇಕು. ಒಣ ಕಾಗದ, ಹೊರಗೆ ಹೋದವರ ಹೆಸರು, ಒಳಗೆ ಬಂದವರ ಹೆಸರು, ವಿಳಾಸ, ಉದ್ಯೋಗ. ಆದರೆ ವೇದಿಕೆಯ ಮೇಲಿನ ಹೂಗುಚ್ಛ, ಶಾಲು, ಪೇಟ ಯಾವುದೂ ಇಲ್ಲದೆ ಸಂಸ್ಥೆಯ ಅಧಿಕಾರ ಯಾರ ಕೈಯಲ್ಲಿದೆ ಎಂದು ನೇರವಾಗಿ ಹೇಳುವ ಕಾಗದ ಅದು. ಅದರ ಪಕ್ಕಕ್ಕೆ ಇನ್ನೊಂದು ಮಾಹಿತಿ ಬೇಕು: ಬ್ಯಾಂಕ್ ಖಾತೆಯ ಚೆಕ್ಕಿಗೆ ಸಹಿ ಹಾಕುವವರು ಯಾರು? ಈ ಪ್ರಶ್ನೆ ಕೇಳಿದಾಗ ಎಷ್ಟೋ ಕಚೇರಿಗಳಲ್ಲಿ ಮಾತು ನಿಂತುಹೋದದ್ದನ್ನು ಕಂಡಿದ್ದೇನೆ. ಕೇಳುವುದನ್ನು ಬಿಟ್ಟಿಲ್ಲ.

ಇನ್ನು ವೋಚರ್ ಕಡತ. ಒಂದು ವಾರ್ಷಿಕೋತ್ಸವದ ಕಡತವನ್ನು ಪುಟ ಬಿಡದೆ ಓದಿದೆ. ಧ್ವನಿವರ್ಧಕ, ಬೆಳಕು, ಪ್ರಸಾಧನ, ಚೆಂಡೆ-ಮದ್ದಳೆ, ವೀಡಿಯೊ, ಹಾರ-ತುರಾಯಿ ಎಲ್ಲಕ್ಕೂ ರಸೀದಿ ಇತ್ತು. ತಿಂಗಳುಗಟ್ಟಲೆ ಮಕ್ಕಳಿಗೆ ನೃತ್ಯ ಕಲಿಸಿ, ಗೆಜ್ಜೆ ಹೊಂದಿಸಿ, ಉಡುಪು ಹೊಲಿಸಿ ವೇದಿಕೆಗೆ ತಂದ ಹಿರಿಯ ಕಲಾವಿದೆಯ ಹೆಸರಿನಲ್ಲಿ ಒಂದು ಚೀಟಿಯೂ ಇರಲಿಲ್ಲ. ಅವರ ಮನೆಗೆ ಹೋದೆ. ಷೋಕೇಸಿನ ಮೂರೂ ಹಲಗೆಗಳಲ್ಲಿ ಸ್ಮರಣಿಕೆಗಳು ತುಂಬಿದ್ದವು. "ಅಲ್ಲಮ್ಮ, ನಮ್ಮದೇ ಸಂಘ. ಹಣ ಕೇಳಿದರೆ ಏನಂದುಕೊಳ್ಳುತ್ತಾರೆ?" ಎಂದರು. ಸ್ವಲ್ಪ ಹೊತ್ತಿನ ಮೇಲೆ ಅವರೇ ಮಾತು ಮುಂದುವರಿಸಿ, "ಮೃದಂಗದವರಿಗೆ ಕವರು ಕೊಡುವಾಗ ಮಾತ್ರ ಒಮ್ಮೊಮ್ಮೆ ಮನಸ್ಸಿಗೆ ಬರುತ್ತದೆ" ಎಂದರು. ಸಮಿತಿಯವರ ಎದುರಿನ ಸಂದರ್ಶನದಲ್ಲಿ ಅವರು ಹೇಳಿದ್ದು, ಎಲ್ಲವೂ ಚೆನ್ನಾಗಿದೆ ಎಂದು. ಅಂದಿನಿಂದ ನಮ್ಮ ತಂಡದಲ್ಲಿ ಕಲಾವಿದೆಯರ ಸಂದರ್ಶನವನ್ನು ಸಂಘದ ಕಚೇರಿಯಲ್ಲಿ ಮಾಡುವುದಿಲ್ಲ. ಮನೆಯಲ್ಲಿ, ಬಣ್ಣದ ಕೋಣೆಯಲ್ಲಿ, ಲೋಕಲ್ ರೈಲಿನ ಮಹಿಳೆಯರ ಡಬ್ಬಿಯಲ್ಲಿ ಮಾಡುತ್ತೇವೆ.

ಗಡಿಯಾರದ ವಿಷಯ ತಿಳಿದದ್ದು ಆ ಡಬ್ಬಿಯಲ್ಲಿಯೇ. ಮಾಟುಂಗಾದಲ್ಲಿ ರಾತ್ರಿ ಎಂಟಕ್ಕೆ ತಾಲೀಮು ಶುರುವಾಗಿ ಹತ್ತೂವರೆಗೆ ಮುಗಿದರೆ ದೂರದ ಡೊಂಬಿವಲಿಯ ಹೆಣ್ಣುಮಗಳು ಮನೆ ಸೇರುವುದು ಎಷ್ಟು ಹೊತ್ತಿಗೆ? ಅವಳು ನಾಟಕ ಬಿಟ್ಟಳು ಎಂದರೆ "ಮದುವೆಯಾದ ಮೇಲೆ ಆಸಕ್ತಿ ಹೋಯಿತು" ಎಂದು ಬರೆದುಕೊಳ್ಳುವುದು ಸುಲಭ. ತಾಲೀಮಿನ ಹೊತ್ತು ಗೊತ್ತುಮಾಡಿದವರು ಯಾರು ಎಂದು ಯಾರೂ ಬರೆದುಕೊಳ್ಳುವುದಿಲ್ಲ. ಪಶ್ಚಿಮ ರೈಲ್ವೆ 1992ರ ಮೇ 5ರಂದು ಚರ್ಚ್‌ಗೇಟ್–ಬೋರಿವಲಿ ನಡುವೆ ಮಹಿಳೆಯರಿಗೇ ಮೀಸಲಾದ ರೈಲು ಓಡಿಸಿತು. ಯಾವ ಸಾಂಸ್ಕೃತಿಕ ನೀತಿಯ ಕಡತದಲ್ಲೂ ಅದರ ಉಲ್ಲೇಖ ಇರಲಾರದು. ಆದರೂ ಈ ಊರಿನಲ್ಲಿ ಹಾಡುವ, ನಟಿಸುವ, ಭಾಷಣ ಕೇಳಲು ಹೋಗುವ ಹೆಂಗಸಿಗೆ ರೈಲಿನ ವೇಳಾಪಟ್ಟಿಗಿಂತ ದೊಡ್ಡ ನೀತಿ ಇಲ್ಲ ಎಂದು ನಾನು ನಂಬುತ್ತೇನೆ. ಯಕ್ಷಗಾನದ ತೆಂಕುತಿಟ್ಟು ಶೈಲಿಯ ಲೀಲಾವತಿ ಬೈಪಾಡಿತ್ತಾಯರು ವೃತ್ತಿಪರ ಮೇಳಗಳಲ್ಲಿ ಭಾಗವತಿಕೆ, ಅಂದರೆ ಹಾಡುಗಾರಿಕೆ, ಮಾಡಿದಾಗ ರಾತ್ರಿಯಿಡೀ ಹಾಡಿ ಊರೂರು ತಿರುಗಿದರು. ಅಂಥವರನ್ನು ಸನ್ಮಾನಿಸಿದರೆ ಸಾಲದು. ಅವರು ತಂಗುವುದು ಎಲ್ಲಿ, ಬಟ್ಟೆ ಬದಲಿಸುವುದು ಎಲ್ಲಿ ಎಂದೂ ಮೇಳದ ಯಜಮಾನರು ಯೋಚಿಸಬೇಕಾಗುತ್ತದೆ.

ಸಾಂಸ್ಕೃತಿಕ ರಾಜತಾಂತ್ರಿಕತೆ ಎಂಬ ದೊಡ್ಡ ಹೆಸರಿನ ಕೆಳಗೂ ಇದೇ ಪ್ರಶ್ನೆಗಳಿವೆ. ಮೌಲಾನಾ ಅಬುಲ್ ಕಲಾಂ ಆಜಾದರು 1950ರಲ್ಲಿ ಸ್ಥಾಪಿಸಿದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ಇಂದಿಗೂ ಕಲಾವಿದರ ಪಟ್ಟಿ ಮಾಡಿ ಹೊರದೇಶಗಳಿಗೆ ಕಳುಹಿಸುತ್ತದೆ. ನಮ್ಮ ಯಕ್ಷಗಾನ ಮತ್ತು ತುಳು ನಾಟಕ ತಂಡಗಳು ದುಬೈ, ಬಹರೈನ್, ಮಸ್ಕತ್‌ಗೆ ಹೋಗಿ ಬರುವುದು ಯಾವ ಸರ್ಕಾರಿ ಆದೇಶವೂ ಇಲ್ಲದ ರಾಜತಾಂತ್ರಿಕತೆ. ಹೊರಜಗತ್ತಿಗೆ ಭಾರತ ಎಂದರೆ ಎಷ್ಟೋ ಬಾರಿ ಕೇಳಿಸಿದ್ದು ಹೆಣ್ಣಿನ ದನಿಯೇ. 1977ರಲ್ಲಿ ಹಾರಿದ ವಾಯೇಜರ್ ಬಾಹ್ಯಾಕಾಶ ನೌಕೆಯ ಬಂಗಾರದ ಧ್ವನಿಮುದ್ರಿಕೆಯಲ್ಲಿರುವುದು ಗೋವೆಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಭೈರವಿ. ಹೀಗೆ ದನಿ ಹೆಣ್ಣಿನದಾದ ಕಡೆಯೂ ಆಯ್ಕೆಯ ಮೇಜಿನ ಸುತ್ತ ಹೆಂಗಸರು ಎಷ್ಟು ಮಂದಿ ಎಂದು ನೋಡಬೇಕು. ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರನ್ನು ನಾನು ಮತ್ತೆ ಮತ್ತೆ ಎತ್ತುವುದು ಇದಕ್ಕೇ. ಮಂಗಳೂರಿನಲ್ಲಿ ಹುಟ್ಟಿದವರು, 1930ರಲ್ಲಿ ಇದೇ ಮುಂಬಯಿಯಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಇಳಿದವರು. ಮುಂದೆ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿದರು, ಸಂಗೀತ ನಾಟಕ ಅಕಾಡೆಮಿಯ ಅಧ್ಯಕ್ಷರೂ ಆದರು. ನೀತಿ ರೂಪಿಸುವ ಪೀಠದಲ್ಲಿಯೇ ಕುಳಿತವರು ಅವರು.

ಈಚಿನ ಒಂದು ಉದಾಹರಣೆ ನನಗೆ ತುಂಬ ಪ್ರಿಯ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಮುಂಬಯಿಯ ಕನ್ನಡಿಗರೂ ಸಂಭ್ರಮಿಸಿದರು. ಆ ಪ್ರಶಸ್ತಿಯ 50,000 ಪೌಂಡ್ ಹಣ ಲೇಖಕರಿಗೂ ಅನುವಾದಕರಿಗೂ ಸಮವಾಗಿ ಹಂಚಿಕೆಯಾಗುತ್ತದೆ. ಹಾಗಾಗಿ ಅನುವಾದಕಿ ದೀಪಾ ಭಾಸ್ತಿ ಅವರ ಪಾಲನ್ನು ಯಾರ ಔದಾರ್ಯವೂ ನಿರ್ಧರಿಸಲಿಲ್ಲ. ಅದು ಮೊದಲೇ ನಿಯಮದಲ್ಲಿ ಬರೆದಿತ್ತು. ನಮ್ಮ ಪ್ರಶಸ್ತಿಗಳು, ನಮ್ಮ ಸಂಘಗಳ ಗೌರವಧನಗಳು ಹೀಗೆ ಲಿಖಿತ ನಿಯಮದ ಮೇಲೆ ನಡೆಯಬೇಕು.

ಮಹಿಳಾ ವಿಭಾಗಗಳ ಬಗ್ಗೆಯೂ ಹೇಳಬೇಕು. ಅರಿಶಿನ ಕುಂಕುಮಕ್ಕೆ, ತುಳುವರ ಆಟಿ ತಿಂಗಳ ತಿನಿಸುಗಳ ಸ್ಪರ್ಧೆಗೆ ಸೀಮಿತ ಎಂದು ಅವನ್ನು ತಳ್ಳಿಹಾಕುವವರ ಜೊತೆ ನನ್ನ ಒಪ್ಪಿಗೆಯಿಲ್ಲ. ಮನೆಯಿಂದ ಹೊರಗೆ ಬರಲು ಎಷ್ಟೋ ಮಂದಿಗೆ ಅದೊಂದೇ ದಾರಿಯಾಗಿತ್ತು. 'ಸೃಜನಾ' ಲೇಖಕಿಯರ ಬಳಗದಂತೆ ಹೆಂಗಸರು ತಾವೇ ಕಟ್ಟಿಕೊಂಡ ವೇದಿಕೆಯೂ ಈ ನಗರದಲ್ಲಿದೆ. ಆದರೆ ಸ್ವಂತ ಬಜೆಟ್ ಇಲ್ಲದ ವಿಭಾಗ ಪ್ರತಿ ಸಲವೂ ಮುಖ್ಯ ಸಮಿತಿಯ ಮುಂದೆ ಕೈಚಾಚಬೇಕು.

ಮಹಾರಾಷ್ಟ್ರ 2010ರಲ್ಲಿ ಸಾಂಸ್ಕೃತಿಕ ನೀತಿ ಪ್ರಕಟಿಸಿತು. ಬರಗೂರು ರಾಮಚಂದ್ರಪ್ಪ ಸಮಿತಿಯ ವರದಿಯ ಆಧಾರದ ಮೇಲೆ ಕರ್ನಾಟಕ 2017ರಲ್ಲಿ ತನ್ನ ನೀತಿಗೆ ಒಪ್ಪಿಗೆ ಕೊಟ್ಟಿತು. ಹೊರನಾಡ ಕನ್ನಡಿಗರ ಕಾಲು ಎರಡೂ ಕಡೆ ಇದೆ. ಅನುದಾನದ ಅರ್ಜಿ ಬೆಂಗಳೂರಿಗೆ, ಬದಲಾವಣೆ ವರದಿ ವರ್ಳಿಗೆ. ಅನುದಾನದ ಅರ್ಜಿಯಲ್ಲಿಯೇ ಕೆಲವು ಸಾಲು ಸೇರಿಸಬೇಕು ಎಂಬುದು ನಮ್ಮ ತಂಡದ ಶಿಫಾರಸು: ಆಡಳಿತ ಮಂಡಳಿಯಲ್ಲಿ ಮಹಿಳೆಯರೆಷ್ಟು, ಚೆಕ್ಕಿಗೆ ಸಹಿ ಯಾರದು, ಗೌರವಧನ ಪಡೆದವರಲ್ಲಿ ಮಹಿಳೆಯರೆಷ್ಟು, ತಾಲೀಮು ಮುಗಿದ ಹೊತ್ತು ಯಾವುದು.

ಈ ಸಾಲುಗಳಿರುವ ನಮೂನೆಯನ್ನು ಒಂದು ಸಂಘದ ಮಹಿಳಾ ವಿಭಾಗದ ಕಾರ್ಯಾಧ್ಯಕ್ಷೆ ಈಚೆಗೆ ವಾರ್ಷಿಕ ಮಹಾಸಭೆಯಲ್ಲಿ ಓದಿದರು. ನೃತ್ಯ ಕಲಿಸುವವರಿಗೆ ಗೌರವಧನ ಕೊಡಲು ಸಭೆ ಒಪ್ಪಿತು. ತಾಲೀಮನ್ನು ಭಾನುವಾರ ಮಧ್ಯಾಹ್ನಕ್ಕೆ ಬದಲಿಸಿದರು. ಚೆಕ್ಕಿನ ಸಹಿಯ ವಿಷಯ ಮುಂದಿನ ಕಾರ್ಯಕಾರಿ ಸಮಿತಿಗೆ ಹೋಗಿದೆ. ನಡಾವಳಿಯ ಪ್ರತಿ ಕೇಳಿದ್ದೇನೆ.