"ನೀವು ಯಾವ ಡಯಟ್ ಮಾಡ್ತೀರಿ?" ಅನ್ನುವವರಿಗೆ

ಮದುವೆಮನೆಯ ಪಂಕ್ತಿಯಲ್ಲಿ ಕೂತರೂ ಇದೇ ಪ್ರಶ್ನೆ, ಆಫೀಸಿನಲ್ಲಿ ಡಬ್ಬಿ ತೆಗೆದರೂ ಇದೇ ಪ್ರಶ್ನೆ. "ಮೇಡಂ, ನೀವು ಯಾವ ಡಯಟ್ ಮಾಡ್ತೀರಿ? ಕೀಟೋನಾ, ಫಾಸ್ಟಿಂಗಾ?" ಯಾವುದೂ ಇಲ್ಲ ಅಂದರೆ ನಂಬುವುದಿಲ್ಲ. ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ ಅಂದರೆ, ಗುಟ್ಟು ಬಿಟ್ಟುಕೊಡುತ್ತಿಲ್ಲ ಅನ್ನುವ ಹಾಗೆ ನೋಡುತ್ತಾರೆ. ಗುಟ್ಟೇನೂ ಇಲ್ಲ. ಆದರೆ ಎರಡು ಮಾತಿನಲ್ಲಿ ಮುಗಿಯುವ ಉತ್ತರವೂ ಅಲ್ಲ.

ನಾನು ಡಾಕ್ಟರಲ್ಲ. ಅಪ್ಪ, ಅಮ್ಮ ಇಬ್ಬರಿಗೂ ಶುಗರ್ ಇತ್ತು. ಎಚ್‌ಬಿಎ1ಸಿ ಅಂತ ಒಂದು ರಕ್ತಪರೀಕ್ಷೆ ಇದೆಯಲ್ಲ, ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವುದು, ಅದರಲ್ಲಿ ಶೇಕಡಾ 5.7ರಿಂದ 6.4ರವರೆಗೆ ಬಂದರೆ ಶುಗರ್ ಕಾಯಿಲೆಯ ಗಡಿಯಲ್ಲಿದ್ದೀರಿ ಅಂತ. ನನ್ನದೂ ಆ ಗಡಿಗೆ ಬಂದಾಗ ಡಯಟ್‌ಗಳ ಬಗ್ಗೆ ಓದತೊಡಗಿದೆ.

ಓದಿದಾಗ ಗೊತ್ತಾಗಿದ್ದು, ಪ್ರತಿಯೊಂದೂ ಯಾರಿಗೋ ಅಂತ ಹುಟ್ಟಿದ್ದು. ಅನ್ನ, ರೊಟ್ಟಿ ಬಿಟ್ಟು ಕೊಬ್ಬು ಜಾಸ್ತಿ ತಿನ್ನುವ ಕೀಟೋ 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಮೂರ್ಛೆರೋಗದವರಿಗಾಗಿ ಶುರುವಾಯಿತು. ತೂಕದ ಮಾತು ಆಮೇಲೆ ಸೇರಿಕೊಂಡಿದ್ದು. ಡ್ಯಾಶ್ ಡಯಟ್ ಬಿಪಿ ಇಳಿಸಲು ಮಾಡಿದ್ದು, ಅದರ ಫಲಿತಾಂಶ ಬಂದದ್ದು 1997ರಲ್ಲಿ. ಮೆಡಿಟರೇನಿಯನ್ ಡಯಟ್ ಅಂತ ಈಗ ದುಬಾರಿ ಹೋಟೆಲಿನಲ್ಲಿ ಸಿಗುವುದು ಕ್ರೀಟ್ ದ್ವೀಪದ, ದಕ್ಷಿಣ ಇಟಲಿಯ ಹಳ್ಳಿಯವರು ಹೊಟ್ಟೆಪಾಡಿಗೆ ಉಣ್ಣುತ್ತಿದ್ದ ಊಟ. ತುಮಕೂರು ಕಡೆಯಿಂದ ಬಂದು, ದಿನವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡುವ, ಮುದ್ದೆ ಬಿಡಲಾರದ ಹೆಂಗಸಿಗೆ ಅಂತ ಯಾರೂ ಒಂದು ಡಯಟ್ ಮಾಡಿಟ್ಟಿಲ್ಲ. ನಾವೇ ಮಾಡಿಕೊಳ್ಳಬೇಕು.

2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿದ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಗುಂಪಿಗೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಕಾರ್ಬ್, ಅಂದರೆ ಅನ್ನ, ರೊಟ್ಟಿ, ಸಕ್ಕರೆಯಲ್ಲಿರುವ ಕಾರ್ಬೋಹೈಡ್ರೇಟ್, ಕಡಿಮೆ. ಒಂದು ವರ್ಷ ಆದಮೇಲೆ ನೋಡಿದರೆ ಎರಡೂ ಗುಂಪಿನಲ್ಲಿ ಸರಾಸರಿ ಐದಾರು ಕಿಲೋ ಇಳಿದಿತ್ತು. ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಆದರೆ ಒಂದೇ ಗುಂಪಿನೊಳಗೆ ಒಬ್ಬರು ಇಪ್ಪತ್ತು ಕಿಲೋಗಿಂತ ಜಾಸ್ತಿ ಇಳಿದಿದ್ದರೆ, ಇನ್ನೊಬ್ಬರು ಇದ್ದುದಕ್ಕಿಂತ ದಪ್ಪ ಆಗಿದ್ದರು! ನನಗೆ ಮುಖ್ಯ ಅನಿಸಿದ್ದು ಇನ್ನೊಂದು ವಿಷಯ. ಎರಡೂ ಗುಂಪಿಗೆ ಹೇಳಿಕೊಟ್ಟ ಬುದ್ಧಿಮಾತು ಒಂದೇ: ತರಕಾರಿ ಜಾಸ್ತಿ ತಿನ್ನಿ, ಸಕ್ಕರೆ ಮತ್ತು ಮೈದಾದಂಥ ಹಿಟ್ಟು ಕಡಿಮೆ ಮಾಡಿ, ಆದಷ್ಟು ಮನೆಯಲ್ಲೇ ಬೇಯಿಸಿಕೊಳ್ಳಿ. ಡಯಟ್‌ಗಳು ಜಗಳ ಆಡುವ ಕಡೆ ನಾನು ಹೋಗಲಿಲ್ಲ. ಎಲ್ಲ ಒಪ್ಪುವ ಜಾಗದಲ್ಲಿ ನಿಂತುಕೊಂಡೆ. ಆಮೇಲೆ ಒಂದೊಂದರಿಂದ ಒಂದೊಂದನ್ನು ಮಾತ್ರ ತೆಗೆದುಕೊಂಡೆ.

ಹೀಗೆ ತೆಗೆದುಕೊಳ್ಳುವಾಗ ಒಂದು ಅಪಾಯ ಇದೆ. ಬೆರೆಸುವುದು ಅಂದರೆ ಕೂಡಿಸುವುದಲ್ಲ. ನನ್ನ ಸುತ್ತ ಇದು ಬೇಕಾದಷ್ಟು ಕಾಣುತ್ತದೆ. ಕೀಟೋದಲ್ಲಿ ತುಪ್ಪ ಒಳ್ಳೆಯದಂತೆ ಅಂತ ಬೆಳಿಗ್ಗೆ ಕಾಫಿಗೆ ಒಂದು ಚಮಚ ತುಪ್ಪ. ಹಿಂದೆಯೇ ನಾಲ್ಕು ಇಡ್ಲಿ. ಮೆಡಿಟರೇನಿಯನ್‌ನಲ್ಲಿ ಬಾದಾಮಿ ಇದೆ ಅಂತ ಮಧ್ಯೆ ಒಂದು ಹಿಡಿ. ಸಿರಿಧಾನ್ಯ ತೂಕ ಇಳಿಸುತ್ತದೆ ಅಂತ ಮಧ್ಯಾಹ್ನ ತಟ್ಟೆ ತುಂಬ ನವಣೆ ಅನ್ನ. ನವಣೆಯಲ್ಲಿ ನಾರು ಜಾಸ್ತಿ ಇರುವುದು ನಿಜ, ಆದರೆ ರಾಶಿ ಹಾಕಿಕೊಂಡರೆ ಅದೂ ಅನ್ನವೇ ಅಲ್ವಾ? ಕೀಟೋದವರು ಕೊಬ್ಬು ತಿನ್ನುವುದು ಕಾರ್ಬ್ ಬಿಟ್ಟಿದ್ದಕ್ಕೆ. ದಿನಕ್ಕೆ 50 ಗ್ರಾಂ ಕಾರ್ಬ್ ದಾಟುವ ಹಾಗಿಲ್ಲ. 100 ಗ್ರಾಂ ರಾಗಿಹಿಟ್ಟಿನಲ್ಲೇ 65 ಗ್ರಾಂ ಮೇಲೆ ಇರುತ್ತದೆ. ಅಂದರೆ ಒಂದು ದೊಡ್ಡ ಮುದ್ದೆ ಉಂಡ ದಿನ ನೀವು ಕೀಟೋದಲ್ಲಿಲ್ಲ. ಕಾಫಿಗೆ ಹಾಕಿದ ತುಪ್ಪ ಬರೀ ಜಾಸ್ತಿ ತುಪ್ಪ, ಅಷ್ಟೇ.

ಹಾಗಾಗಿ ಕೀಟೋದಿಂದ ನಾನು ಕೊಬ್ಬನ್ನು ತರಲಿಲ್ಲ. ಅನ್ನದ ಮೇಲೆ ಅವರಿಗಿರುವ ಅನುಮಾನವನ್ನು ಮಾತ್ರ ತಂದೆ. ನಮ್ಮ ಕಡೆ ಮುದ್ದೆ ಉಂಡ ಮೇಲೆ "ಒಂಚೂರು ಅನ್ನ" ಅಂತ ಇರುತ್ತದೆ. ಆ ಒಂಚೂರು ಒಂದು ಸೌಟಿನಲ್ಲಿ ನಿಲ್ಲುವುದಿಲ್ಲ. ಈಗ ಮುದ್ದೆಯಾದರೆ ಮುದ್ದೆ, ಅನ್ನವಾದರೆ ಅನ್ನ. ಎರಡೂ ಒಂದೇ ಊಟಕ್ಕಿಲ್ಲ. ಮುದ್ದೆ ಚಿಕ್ಕದು, ಬಸ್ಸಾರಿನ ಪಲ್ಯ ದೊಡ್ಡದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ. ತರಕಾರಿ ಧಾನ್ಯಕ್ಕಿಂತ ಜಾಸ್ತಿ! ನಮ್ಮ ಎಷ್ಟು ಮನೆಗಳಲ್ಲಿ ಹಾಗಿದೆ? ಸಾರಿನಲ್ಲಿ ತೇಲುವ ಎರಡು ಹೋಳು ಬದನೆಕಾಯಿಯನ್ನೇ ತರಕಾರಿ ಅಂತ ಲೆಕ್ಕ ಹಿಡಿಯುತ್ತೇವೆ.

ಮೆಡಿಟರೇನಿಯನ್‌ನಿಂದ ಆಲಿವ್ ಎಣ್ಣೆ ತರಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನು ತಂದಿಲ್ಲ, ತರುವುದೂ ಇಲ್ಲ. ಆ ಊಟದ ಜೀವ ಇರುವುದು ಕಾಳು, ಸೊಪ್ಪು, ಹಸಿ ತರಕಾರಿ, ಬೀಜಗಳು, ಮೀನು, ಪಾಲಿಶ್ ಮಾಡದ ಧಾನ್ಯ ಇವುಗಳಲ್ಲಿ. ಬಾಗಲಕೋಟೆ ಕಡೆಯ ನನ್ನ ಸಹೋದ್ಯೋಗಿಯೊಬ್ಬರ ಡಬ್ಬಿ ನೋಡಿ ನನಗೆ ಇದು ಹೊಳೆಯಿತು. ಜೋಳದ ರೊಟ್ಟಿ, ಮೊಳಕೆ ಹೆಸರುಕಾಳಿನ ಪಲ್ಯ, ಹಸಿ ಮೆಂತ್ಯ ಸೊಪ್ಪಿನ ಪಚಡಿ, ಅಗಸೆ ಚಟ್ನಿಪುಡಿ, ಗಟ್ಟಿ ಮೊಸರು. ಕಾಳಿದೆ, ಹಸಿ ಸೊಪ್ಪಿದೆ, ಒಮೇಗಾ-3 ಅನ್ನುವ ಒಳ್ಳೆಯ ಕೊಬ್ಬು ಕೊಡುವ ಅಗಸೆ ಇದೆ. ಕ್ರೀಟ್ ದ್ವೀಪದವರು ಬಂದು ಕೂತರೂ ಇದರಲ್ಲಿ ತಪ್ಪು ಹುಡುಕಲಾರರು. ಕರಾವಳಿಯವರಿಗಂತೂ ಬಂಗುಡೆ, ಬೂತಾಯಿ ಇದೆ. ಅವರು ಸಾಲ್ಮನ್ ಹುಡುಕಿಕೊಂಡು ಹೋಗುವುದು ನೋಡಿದರೆ ನನಗೆ ನಗು ಬರುತ್ತದೆ. ಆದರೆ ಬಂಗುಡೆಯನ್ನು ಎಣ್ಣೆಯಲ್ಲಿ ಮುಳುಗಿಸಿ ಕರಿಯಬೇಡಿ, ಹುಳಿಖಾರದ ಪುಳಿಮುಂಚಿ ಸಾರು ಮಾಡಿಕೊಳ್ಳಿ.

ಈಗ ನಮ್ಮ ಮನೆಯಲ್ಲಿ ಅಗಸೆ ಮತ್ತು ಹುಚ್ಚೆಳ್ಳಿನ ಚಟ್ನಿಪುಡಿ ಸದಾ ಇರುತ್ತದೆ. ಉಪ್ಪಿನಕಾಯಿ ಜಾಡಿ ಊಟದ ಮೇಜಿನಿಂದ ಕಪಾಟಿಗೆ ಹೋಯಿತು. ಇದು ಉಪ್ಪು ಕಡಿಮೆ ಮಾಡಿ ಅನ್ನುವ ಡ್ಯಾಶ್‌ನಿಂದ ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪು. ಇದನ್ನು ಚಮಚದಲ್ಲಿ ಅಳೆಯುತ್ತಾ ಕೂರಬೇಡಿ, ಪ್ಯಾಕೆಟ್‌ನಲ್ಲಿ ಅಳೆಯಿರಿ. ನಾಲ್ಕು ಜನರಿರುವ ಮನೆಗೆ ದಿನಕ್ಕೆ 20 ಗ್ರಾಂ. ಅಂದರೆ ಒಂದು ಕಿಲೋ ಉಪ್ಪು 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ಖಾರ, ಹೋಟೆಲ್ ತಿಂಡಿಯಲ್ಲಿ ಇರುವುದೂ ಈ ಲೆಕ್ಕದೊಳಗೇ ಸೇರಬೇಕು. ಹಾಗಾಗಿ ಪ್ಯಾಕೆಟ್ ಇನ್ನೂ ಜಾಸ್ತಿ ದಿನ ಬಂದರೆ ಒಳ್ಳೆಯದು. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದಿಡಿ. ಎಣ್ಣೆ ಡಬ್ಬಕ್ಕೂ ಇದನ್ನೇ ಮಾಡಿ. ಅಡುಗೆಗೆ, ಊಟಕ್ಕೆ ನಾವು ಹಾಕಿಕೊಳ್ಳುವ ಎಣ್ಣೆತುಪ್ಪ ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ 27 ಗ್ರಾಂ ಅನ್ನುತ್ತದೆ ಅದೇ ಪೋಷಣಾ ಸಂಸ್ಥೆ. ತಿಂಗಳಿಗೆ ಒಬ್ಬರಿಗೆ ಒಂದು ಲೀಟರೂ ಆಗುವುದಿಲ್ಲ.

ಫಾಸ್ಟಿಂಗ್, ಅಂದರೆ ದಿನದ ಕೆಲವೇ ಗಂಟೆಯೊಳಗೆ ಊಟ ಮುಗಿಸಿ ಉಳಿದ ಹೊತ್ತು ಉಪವಾಸ ಇರುವುದು, ಅದರ ಬಗ್ಗೆ ನನಗೆ ಅಷ್ಟು ಭಕ್ತಿ ಇಲ್ಲ. ಚೀನಾದ ಗುವಾಂಗ್‌ಝೌನಲ್ಲಿ 139 ಜನರ ಮೇಲೆ ಮಾಡಿದ ಅಧ್ಯಯನ 2022ರಲ್ಲಿ ಬಂತು. ಎಲ್ಲರೂ ಕ್ಯಾಲೊರಿ ಕಡಿಮೆ ಮಾಡಿದ್ದರು. ಅರ್ಧ ಜನ ಎಂಟು ಗಂಟೆಯೊಳಗೆ ಊಟ ಮುಗಿಸುತ್ತಿದ್ದರು, ಉಳಿದವರಿಗೆ ಹೊತ್ತಿನ ಕಟ್ಟು ಇರಲಿಲ್ಲ. ವರ್ಷದ ಕೊನೆಗೆ ತೂಕದಲ್ಲಿ ದೊಡ್ಡ ವ್ಯತ್ಯಾಸ ಬರಲಿಲ್ಲ. ಏಕಾದಶಿ ದಿನ ಅವಲಕ್ಕಿ, ಸಾಬೂದಾನಿ, ಬಾಳೆಹಣ್ಣು ಅಂತ ಮಾಮೂಲಿ ದಿನಕ್ಕಿಂತ ಜಾಸ್ತಿ ತಿನ್ನುವ ನಮ್ಮ ಜನಕ್ಕೆ ಇದನ್ನು ವಿಜ್ಞಾನಿಗಳು ಬಂದು ಹೇಳಬೇಕಾಗಿರಲಿಲ್ಲ. ಆದರೂ ಒಂದು ಲಾಭ ಸಿಕ್ಕಿತು. ರಾತ್ರಿ ಊಟ ಎಂಟರೊಳಗೆ ಮುಗಿದರೆ ಟಿವಿ ಮುಂದಿನ ಚಕ್ಕುಲಿ, ಮಿಕ್ಸ್ಚರ್ ತಾನಾಗಿ ನಿಂತುಹೋಗುತ್ತದೆ. ನನಗೆ ಅಷ್ಟೇ ಸಾಕು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಸುಮ್ನೆ ಉಪವಾಸ ಶುರು ಮಾಡಬೇಡಿ. ಗ್ಲಿಮಿಪಿರೈಡ್‌ನಂಥ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ವಿಪರೀತ ಇಳಿದು ತಲೆಸುತ್ತಿ ಬೀಳಬಹುದು. ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರು ಕೀಟೋ ಮಾಡಿದರೆ ರಕ್ತದಲ್ಲಿ ಆಮ್ಲ ಏರಿ ಆಸ್ಪತ್ರೆ ಸೇರುವ ಹಾಗಾಗಬಹುದು. ಮೊದಲು ಡಾಕ್ಟರ ಹತ್ತಿರ ಮಾತಾಡಿ ಮಾತ್ರೆಯ ಪ್ರಮಾಣ ಸರಿಮಾಡಿಸಿಕೊಳ್ಳಿ.

ದುಡ್ಡಿಲ್ಲದೆ, ಏನೂ ಬಿಡದೆ ಆಗುವ ಒಂದು ಬದಲಾವಣೆಯೂ ಇದೆ: ತಿನ್ನುವ ಕ್ರಮ. ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು 2015ರಲ್ಲಿ 11 ಜನ ಸಕ್ಕರೆ ಕಾಯಿಲೆಯವರ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿದ್ದರು. ತರಕಾರಿ ಮತ್ತು ಪ್ರೊಟೀನ್ ಮೊದಲು, ಬ್ರೆಡ್ಡು ಆಮೇಲೆ. ಊಟ ಅದೇ, ಆದರೆ ಸಕ್ಕರೆ ಏರಿದ್ದು ಕಡಿಮೆ. ನಮ್ಮ ಬಾಳೆಎಲೆಗೂ ಕೋಸಂಬರಿ, ಪಲ್ಯ ಮೊದಲೇ ಬರುತ್ತವೆ. ನಾವು ಅನ್ನ, ತೊವ್ವೆ, ತುಪ್ಪ ಬರುವವರೆಗೆ ಅದನ್ನು ನೋಡುತ್ತಾ ಕೂರುತ್ತೇವೆ! ಪಂಕ್ತಿಯಲ್ಲಿ ಬೇಡ, ಮನೆಯಲ್ಲಾದರೂ ಕೋಸಂಬರಿ ಮೊದಲು ಮುಗಿಸಬಹುದು. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಕ್ಯಾರೆಟ್. ಕಾಯಿತುರಿ ಸ್ವಲ್ಪ.

ನನಗಾಗಿ ಬೇರೆ ಅಡುಗೆ ನಾನು ಮಾಡಿಕೊಳ್ಳುವುದಿಲ್ಲ. ಒಂದು ಒಲೆಯಲ್ಲಿ ಮಕ್ಕಳಿಗೂ ಅತ್ತೆಗೂ ನನಗೂ ಆಗುವ ಊಟವಾಗದಿದ್ದರೆ ಅದು ಒಂದು ತಿಂಗಳೂ ನಡೆಯುವುದಿಲ್ಲ. ಹಬ್ಬದಲ್ಲಿ ಒಬ್ಬಟ್ಟು ತಿನ್ನುತ್ತೇನೆ, ತುಪ್ಪ ಹಾಕಿಕೊಂಡೇ.

ನಿಮಗೆ ಯಾವುದು ಒಗ್ಗುತ್ತದೆ ಅಂತ ನಾನು ಹೇಳಲಾರೆ, ಗ್ಲೂಕೋಮೀಟರ್ ಹೇಳುತ್ತದೆ. ಒಂದು ದಿನ ದೋಸೆ, ಒಂದು ದಿನ ಉಪ್ಪಿಟ್ಟು, ಒಂದು ದಿನ ಕಾಳಿನ ಉಸ್ಲಿ. ತಿಂದು ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿ, ಬರೆದಿಡಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟದಿರಲಿ ಅನ್ನುತ್ತಾರೆ. ಅದಕ್ಕೆ ದರ್ಜಿ ಟೇಪು ಸಾಕು. ಎಚ್‌ಬಿಎ1ಸಿಯನ್ನು ಮೂರು ತಿಂಗಳಾಗುವ ಮೊದಲು ಮತ್ತೆ ಮಾಡಿಸಬೇಡಿ, ದುಡ್ಡು ದಂಡ. ನನ್ನ ಅಕ್ಕನೂ ಹೀಗೆ ಬರೆದಿಟ್ಟು ನೋಡಿದಳು. ಅವಳು ಮುದ್ದೆ ಬಿಡಲಿಲ್ಲ. ಬೆಳಗಿನ ಅವಲಕ್ಕಿ ಬಿಟ್ಟಳು.